ಪೂರ್ವಕ್ಕೆ ರಾಕೆಟ್, ಪಶ್ಚಿಮಕ್ಕೆ ಚಂದ್ರ

ಹರಿಹರದ ಹತ್ತಿರದ ಕರೂರಿನ ನಮ್ಮ ಕಾರ್ಖಾನೆಯ ಮೋಟಾರು ಸುಟ್ಟುಹೋಗಿತ್ತು. ಹೊಸ ತಂತಿ ಸುತ್ತಿಸಿ ವೈಂಡಿಂಗ್ ಮಾಡಿಸಲು ಹರಿಹರದ ಖಾದರ್ ಸಾಹೇಬರ ಅಂಗಡಿಗೆ ಕೊಟ್ಟಿದ್ದೆ. ರಂಜಾನಿನ ಇಪ್ಪತ್ತೊಂಬತ್ತನೇ ಸಂಜೆ ತರಲು ಹೋದರೆ ಅದು ಬಿಚ್ಚಿಟ್ಟ ಹಾಗೇ ಬಿದ್ದಿತ್ತು. ಸಾಹೇಬರು ಮಾಳಿಗೆ ಮೇಲಿದ್ದರು, ನಾನೂ ಹತ್ತಿ ಹೋದೆ.

"ಬರ್ರಿ, ಖರ್ಜೂರ ತಗೋರಿ. ಇವತ್ತು ಚಂದ್ರ ಕಂಡ್ರೆ ನಾಳೆ ಹಬ್ಬ, ಅಂಗಡಿ ಬಂದ್. ಕಾಣ್ಲಿಲ್ಲ ಅಂದ್ರೆ ನಾಳೆ ಮಧ್ಯಾಹ್ನಕ್ಕೇ ನಿಮ್ ಮೋಟಾರು ರೆಡಿ."

ಮನೆಮಂದಿಯೆಲ್ಲ ಪಶ್ಚಿಮಕ್ಕೆ ಮುಖ ಮಾಡಿ ನಿಂತಿದ್ದರು. ನನಗೋ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಮ್ಯಾನೇಜರದು ಫೋನ್ ಮೇಲೆ ಫೋನ್. ಒಂದು ಮೋಡವಾದರೂ ಬರಲಪ್ಪಾ ಅಂತ ಹರಿಹರೇಶ್ವರನನ್ನು ಬೇಡಿಕೊಂಡೆ.

ಅಷ್ಟರಲ್ಲಿ ಪೂರ್ವದಲ್ಲಿ ಬೆಳಕಿನ ಗೆರೆಯೊಂದು ಮೇಲೇರಿತು. ಅದರ ಬಾಲ ಹರಡುತ್ತಾ ಹರಡುತ್ತಾ, ಕಪ್ಪಾಗುತ್ತಿದ್ದ ಆ ಕಡೆಯ ಆಕಾಶವೆಲ್ಲ ಹಾಲು ಚೆಲ್ಲಿದಂತಾಯಿತು.

"ರಾಕೆಟ್ ರೀ! ಇವತ್ತು ಬಿಡ್ತಾರಂತ ಟೀವಿಯಾಗೆ ಹೇಳಿದ್ರು!" ಅಂತ ಕೂಗಿದೆ.

ಅಕ್ಕಪಕ್ಕದ ಮಾಳಿಗೆಯವರೂ ತಿರುಗಿದರು. ಸಾಹೇಬರು ಬಾಯಿ ಬಿಟ್ಟು ನೋಡುತ್ತಾ ನಿಂತರು. ಬೆಳಕು ಕರಗುವ ಹೊತ್ತಿಗೆ ಪಶ್ಚಿಮದಲ್ಲಿ ನಿಜಕ್ಕೂ ಮೋಡ ಮುಚ್ಚಿತ್ತು. ನನಗೆ ಒಳಗೊಳಗೇ ಖುಷಿ.

"ಮೋಡ ಮುಚ್ಚಾಕ್ ಮುಂಚೆನೇ ಚಂದ್ರ ಕಾಣ್ತು," ಅಂದರು ಸಾಹೇಬರ ತಾಯಿ. ಕುರ್ಚಿಯಲ್ಲಿ ಕೂತಿದ್ದ ಅವರೊಬ್ಬರು ಪಶ್ಚಿಮದಿಂದ ಕತ್ತು ಕೂಡ ತಿರುಗಿಸಿರಲಿಲ್ಲ.

"ನೀವು ರಾಕೆಟ್ ನೋಡ್ಲಿಲ್ಲೇನಮ್ಮಾ?" ಅಂತ ಕೇಳಿದೆ.

"ರಾಕೆಟ್ ಇನ್ನೊಂದು ಬಿಡ್ತಾರ ಬಿಡ್ರಿ. ನಾಳೆ ಊಟಕ್ಕೆ ಬರ್ರಿ."

ಮ್ಯಾನೇಜರ್ ಮತ್ತೆ ಫೋನ್ ಮಾಡಿದರು. "ಹೊಂಟ್ತೇನ್ರಿ?"

"ರಾಕೆಟ್ ಹೊಂಟ್ತು ಸರ್. ಮೋಟಾರು ಹಬ್ಬ ಮುಗಿಸ್ಕೊಂಡು ಬರ್ತೈತಂತೆ."