ಆಟಿಯವರೆಗೆ ನಿಲ್ಲುವ ಸೌತೆ

ನನ್ನ ಅಕ್ಕನ ಮಟ್ಟಿಗೆ ಸೌತೆಕಾಯಿ ಒಳ್ಳೆಯದೋ ಕೆಟ್ಟದ್ದೋ ಎಂಬುದು ಕೊಯ್ದ ದಿನ ತೀರ್ಮಾನವಾಗುವ ವಿಷಯವಾಗಿರಲಿಲ್ಲ. ಬೇಸಿಗೆಯಲ್ಲಿ ಕೊಯ್ದು, ತೆಂಗಿನ ಗರಿಯ ಸೀಳಿನಲ್ಲಿ ಬಿಗಿದು, ಮಾಡಿನ ಪಕ್ಕಾಸಿನ ಮರಕ್ಕೆ ತೂಗುಹಾಕಿದ ಕಾಯಿ ಜಡಿಮಳೆಯ ಆಟಿ ತಿಂಗಳಲ್ಲಿ ಹೇಗಿದೆ ಎಂದು ನೋಡಿ ಆಮೇಲೆ ಮಾತಾಡಬೇಕು ಎನ್ನುತ್ತಿದ್ದಳು. ಅಂಗಡಿಯಲ್ಲಿ ವರ್ಷವಿಡೀ ತರಕಾರಿ ಸಿಗತೊಡಗಿದ ಮೇಲೂ ಕೆಮ್ಮಣ್ಣು ಊರಿನ ನಮ್ಮ ಮನೆಯ ಚಾವಡಿಯಲ್ಲಿ ಸಾಲುಸಾಲು ಸೌತೆ ತೂಗುತ್ತಿತ್ತು. ಬಂದವರು ತಲೆ ಬಗ್ಗಿಸಿ ಒಳಗೆ ಬರಬೇಕು. ಬಗ್ಗಿಸದೆ ತಲೆ ತಾಗಿಸಿಕೊಂಡವರಿಗೆ ಅಕ್ಕನಿಂದ ಬೈಗುಳ, ತಲೆಗೆ ನೋವಾಯಿತೆಂದಲ್ಲ, ಕಾಯಿಗೆ ಪೆಟ್ಟಾಯಿತೆಂದು.

ಬೀಜಕ್ಕೆಂದು ಅವಳು ಬೇರೆ ಕಾಯಿ ಆರಿಸಿ ಇಡುತ್ತಿರಲಿಲ್ಲ. ಎಲ್ಲವೂ ತಿಂದು ಮುಗಿದು, ಕೆಲವು ಕೊಳೆತು ಹೋಗಿ, ಕಟ್ಟಕಡೆಗೆ ಗಟ್ಟಿಯಾಗಿ ಉಳಿದದ್ದು ಯಾವುದೋ ಅದೇ ಬೀಜದ ಕಾಯಿ. ಅದರ ಬೀಜವನ್ನು ಬೂದಿಯಲ್ಲಿ ಹೊರಳಿಸಿ ಅಡುಗೆಮನೆಯ ಗೋಡೆಗೆ ಮೆತ್ತುತ್ತಿದ್ದಳು. ಅಮ್ಮನೂ ಹಾಗೆಯೇ ಮಾಡುತ್ತಿದ್ದಳು. ನಾನು ಕಾರ್ಕಳದ ಶಾಲೆಯೊಂದರಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದವಳು. ಒಳ್ಳೆಯ ತಳಿಯನ್ನು ಪೀಳಿಗೆಯಿಂದ ಪೀಳಿಗೆಗೆ ಆರಿಸಿಕೊಂಡು ಹೋಗುವ ಪಾಠವನ್ನು ವರ್ಷ ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ. ಅದು ನಮ್ಮ ಅಡುಗೆಮನೆಯ ಗೋಡೆಯಲ್ಲೇ ನಡೆಯುತ್ತಿದೆ ಎಂದು ನನಗೆ ಒಂದು ದಿನವೂ ಹೊಳೆಯಲಿಲ್ಲ.

ನಾವಿಬ್ಬರೂ ಮದುವೆಯಾಗದವರು. ಅವಳಿಗೆ ಗದ್ದೆ, ನನಗೆ ಶಾಲೆ. ನಿವೃತ್ತಿಯಾಗಿ ನಾನು ಗಂಟುಮೂಟೆ ಕಟ್ಟಿಕೊಂಡು ಅವಳ ಜೊತೆ ಇರಲು ಬಂದ ವರ್ಷವೇ ಅವಳ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿಕೊಂಡಿತು. ಭತ್ತ ಕೊಯ್ದು, ಗದ್ದೆ ಉತ್ತು, ಇನ್ನು ಸೌತೆ ಹಾಕಬೇಕು ಅನ್ನುವ ಹೊತ್ತಿಗೆ ಅವಳನ್ನು ಮಣಿಪಾಲಕ್ಕೆ ಸೇರಿಸಿದೆವು. ಚಿಕ್ಕಮ್ಮನ ಮಗಳು ಅವಳ ಜೊತೆ ನಿಂತಳು. ನಾನು ದಿನ ಬಿಟ್ಟು ದಿನ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ.

ಹೊರಡುವ ದಿನ ಅಕ್ಕ ಆಟೋದಲ್ಲಿ ಕೂತುಕೊಂಡೇ ಪಾಠ ಮಾಡಿದಳು. ಮನೆಯಲ್ಲಿ ನಾವಾಡುವುದು ತುಳು. ಕನ್ನಡದಲ್ಲಿ ಬರೆಯುವಾಗ ಅವಳ ಮಾತಿನ ಅರ್ಧ ಖಾರ ಹೋಗಿಯೇ ಹೋಗುತ್ತದೆ.

"ಗದ್ದೆ ಖಾಲಿ ಬಿಡಬೇಡ. ಬೀಜ ಗೋಡೆಯಲ್ಲಿ ಉಂಟು. ಎಲ್ಲ ಹಾಕಬೇಡ, ಒಂದು ಹಿಡಿ ತೆಗೆದಿಡು. ಗೊಬ್ಬರ ಅಂತ ಎಂತದ್ದೂ ಹೊಸತು ಬೇಡ. ಹಟ್ಟಿ ಗೊಬ್ಬರ, ಬೂದಿ, ಮಲ್ಪೆಯ ಮೀನಿನ ಹುಡಿ, ಅಷ್ಟೆ. ಕೊಡಪಾನದಲ್ಲಿ ನೀರು ಹಾಕು, ಪಂಪು ಇಡಬೇಡ. ಕಾಯಿ ಮುಷ್ಟಿಯಷ್ಟಾದ ಮೇಲೆ ನೀರು ಕಮ್ಮಿ ಮಾಡು. ಕೊಯ್ಯುವ ಮೊದಲು ಹತ್ತು ದಿನ ಒಂದು ಹನಿ ನೀರು ಸಹ ಕೊಡ್ಲಿಕ್ಕಿಲ್ಲ. ತೊಟ್ಟು ಒಣಗದೆ ಕೊಯ್ಯಬೇಡ. ಗೊತ್ತಾಯ್ತಾ ಟೀಚರೇ?"

"ನಾನು ಸಣ್ಣ ಮಗುವಾ? ನೀನು ಮೊದಲು ಗುಣಮಾಡಿಕೊಂಡು ಬಾ" ಎಂದೆ. ಆಟೋ ಹೊರಟಿತು.

ಮೊದಲ ಸಲ ಹಾಕಿದ ಬೀಜ ಮೊಳಕೆಯೊಡೆದ ವಾರದಲ್ಲೇ ನವಿಲುಗಳ ಪಾಲಾಯಿತು. ನಮ್ಮ ಕಡೆ ಈಗ ಕಾಗೆಗಿಂತ ನವಿಲೇ ಹೆಚ್ಚು. ಒಂದು ಬೆಳಿಗ್ಗೆ ಹೋಗಿ ನೋಡಿದರೆ ಸಾಲು ಸಾಲೇ ಕೆದರಿ ಹಾಕಿದ್ದವು. ಸಿಟ್ಟು ನೆತ್ತಿಗೇರಿತು. ಗೋಡೆಯಲ್ಲಿ ಉಳಿದದ್ದನ್ನೆಲ್ಲ ಕೆರೆದು ತೆಗೆದು ಎರಡನೆಯ ಸಲ ಬಿತ್ತಿ, ಮೇಲೆ ಹಳೆಯ ಮೀನಿನ ಬಲೆ ಹಾಸಿದೆ. ಒಂದು ಹಿಡಿ ತೆಗೆದಿಡುವ ಮಾತು ನೆನಪಿರಲಿಲ್ಲವೆಂದಲ್ಲ. ಬೆಳೆ ಬಂದ ಮೇಲೆ ಬೀಜಕ್ಕೇನು ಬರವೇ ಎಂದುಕೊಂಡೆ. ಮಣಿಪಾಲದಲ್ಲಿ ಅಕ್ಕ ಕೇಳಿದಾಗ "ಇಟ್ಟಿದ್ದೇನೆ" ಎಂದುಬಿಟ್ಟೆ. ಹಾಸಿಗೆಯಲ್ಲಿ ಮಲಗಿದವಳಿಗೆ ನವಿಲಿನ ಕಥೆ ಯಾಕೆ ಹೇಳುವುದು? ಹಾಗೆಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ.

ಕೊಡಪಾನದಲ್ಲಿ ನೀರು ಹೊತ್ತದ್ದು ನಾಲ್ಕೇ ದಿನ. ಐದನೆಯ ದಿನ ಸೊಂಟ ಹಿಡಿದುಕೊಂಡಿತು. ಬಾವಿಗೆ ಪಂಪು ಇಳಿಸಿದೆ. ಬಳ್ಳಿ ಚೆನ್ನಾಗಿ ಹಬ್ಬಿತು, ಹೂ ಬಿಟ್ಟಿತು. ಆಮೇಲೆ ಎಲೆಗಳ ಅಂಚು ಹಳದಿಯಾಗತೊಡಗಿತು. ಎಲೆ ಹಳದಿಯಾದರೆ ಸಾರಜನಕ ಸಾಲದು ಎಂದು ನಾನು ಎಷ್ಟು ಮಕ್ಕಳಿಗೆ ಬಾಯಿಪಾಠ ಮಾಡಿಸಿಲ್ಲ! ಮಳೆಗಾಲದ ಭತ್ತಕ್ಕೆ ಮಾತ್ರ ಗದ್ದೆಯನ್ನು ಗುತ್ತಿಗೆ ಹಿಡಿದವನೊಬ್ಬ ತಂದ ಯೂರಿಯಾ ಅರ್ಧ ಚೀಲ ಕೊಟ್ಟಿಗೆಯಲ್ಲಿ ಉಳಿದಿತ್ತು. ಪ್ರತಿ ಬುಡಕ್ಕೆ ಒಂದೊಂದು ಹಿಡಿ ಹಾಕಿ, ಅದು ಕರಗಲೆಂದು ಇನ್ನಷ್ಟು ನೀರು ಬಿಟ್ಟೆ.

ನಿಜವಾಗಿ ಆದದ್ದೇನೆಂದರೆ ನಮ್ಮ ಬಾವಿ ಹೊಳೆಯ ಬದಿಯದು. ಹೊಳೆಗೆ ಸಮುದ್ರದ ಉಬ್ಬರದ ನೀರು ಬರುತ್ತದೆ. ಬಾವಿಯಿಂದ ಮೆಲ್ಲಗೆ ಸೇದಿದರೆ ಸಿಹಿನೀರು ಬೇಸಿಗೆ ದಾಟಿಸುತ್ತದೆ; ಪಂಪಿನಿಂದ ಎಳೆದರೆ ಅಡಿಯಿಂದ ಉಪ್ಪು ಮೇಲೇರುತ್ತದೆ. ಎಲೆಯ ಅಂಚು ಹಳದಿಯಾದದ್ದು ಆ ಉಪ್ಪಿಗೆ. ಅಕ್ಕ ದಿನಾ ಬೆಳಿಗ್ಗೆ ಮೊದಲ ಕೊಡದ ನೀರನ್ನು ಬೊಗಸೆಯಲ್ಲಿ ಹಿಡಿದು ಬಾಯಿಗೆ ಹಾಕಿ ಉಗುಳುತ್ತಿದ್ದಳು. ಅದನ್ನು ಕಂಡು ನಾನು ಬಾಲ್ಯದಿಂದ ನಗುತ್ತಿದ್ದೆ. ವಿಜ್ಞಾನದ ಟೀಚರಿಗೆ ನೀರಿನ ರುಚಿ ನೋಡಬೇಕೆಂದು ತೋಚಲಿಲ್ಲ.

ಯೂರಿಯಾ ಬಿದ್ದದ್ದೇ ತಡ, ಬಳ್ಳಿಗಳು ಹುಚ್ಚು ಹಿಡಿದಂತೆ ಬೆಳೆದವು. ಎಲೆಗಳು ಕಡುಹಸಿರು, ಕಾಯಿಗಳು ಅಂಗೈಯಲ್ಲಿ ಹಿಡಿಯಲಾಗದಷ್ಟು ದಪ್ಪ. ದಾರಿಹೋಕರು ನಿಂತು ನೋಡುತ್ತಿದ್ದರು. ನನಗೆ ಹೆಮ್ಮೆಯೋ ಹೆಮ್ಮೆ. ಮೊಬೈಲಿನಲ್ಲಿ ಫೋಟೋ ಹೊಡೆದು ಮಣಿಪಾಲಕ್ಕೆ ಹೋಗಿ ತೋರಿಸಿದೆ. ಅಕ್ಕ ಎರಡು ಬೆರಳಲ್ಲಿ ಫೋಟೋ ದೊಡ್ಡದು ಮಾಡಿದಳು. ಕಾಯಿಯನ್ನಲ್ಲ, ಎಲೆಯನ್ನು.

"ಎಲೆ ಯಾಕೆ ಇಷ್ಟು ಕಪ್ಪು? ಎಂತ ಹಾಕಿದ್ದಿ?"

"ನೀನು ಹೇಳಿದ್ದೇ ಹಾಕಿದ್ದು. ಬೂದಿ, ಮೀನಿನ ಹುಡಿ."

"ಹ್ಞೂಂ" ಎಂದು ಮೊಬೈಲು ವಾಪಸು ಕೊಟ್ಟಳು. ಆಮೇಲೆ ಬರುವ ವರ್ಷದ ಮಾತೆತ್ತಿದಳು. ಬರುವ ವರ್ಷ ಮೇಲಿನ ಗದ್ದೆಗೂ ಸೌತೆ ಹಾಕಬೇಕು, ಬದಿಗೆ ಒಂದು ಸಾಲು ಅಲಸಂಡೆ ಬಿಡಬೇಕು. ಡಾಕ್ಟರು ನನ್ನನ್ನು ಬದಿಗೆ ಕರೆದು ಹೇಳಿದ್ದು ಬೇರೆಯೇ ಆಗಿತ್ತು. ಆದರೆ ಆ ಮಾತು ಆಡುವಾಗ ಅವಳು ದಿಂಬಿಗೆ ಒರಗದೆ ನೆಟ್ಟಗೆ ಕೂತಿದ್ದಳು. ಸೌತೆಯ ವಿಷಯ ಬಂದಾಗ ಮಾತ್ರ ಅವಳು ಹಾಗೆ ಕೂರುತ್ತಿದ್ದಳು. ಹಾಗಾಗಿ ಈ ಬೆಳೆಯನ್ನು ಹೇಗಾದರೂ ಗೆಲ್ಲಿಸಬೇಕೆಂದು ನನಗೆ ಇನ್ನೂ ಹಠ ಬಂತು.

ಹಠದಲ್ಲೇ ಕೊನೆಯ ತಪ್ಪು ಮಾಡಿದೆ. ಕಾಪುವಿನ ತರಕಾರಿ ವ್ಯಾಪಾರಿಯೊಬ್ಬ ಟೆಂಪೋ ತಂದು, "ಟೀಚರೇ, ಎರಡು ದಿನದಲ್ಲಿ ಮಳೆ ಉಂಟಂತೆ. ಈಗಲೇ ಕೊಯ್ದುಬಿಡಿ ಮಾರಾಯ್ರೆ, ಸೈಜು ಬಂದಾಯ್ತಲ್ವಾ?" ಎಂದ. ಸೈಜು ಬಂದಿತ್ತು. ತೊಟ್ಟು ಇನ್ನೂ ಹಸಿರಿತ್ತು, ಮೈ ಮೇಲಿನ ಹಳದಿ ಪಟ್ಟೆ ಸರಿಯಾಗಿ ಮೂಡಿರಲಿಲ್ಲ. ಹಿಂದಿನ ದಿನವಷ್ಟೇ ನೀರು ಬಿಟ್ಟಿದ್ದೆ. ಒಂದೇ ದಿನದಲ್ಲಿ ಎಲ್ಲ ಕೊಯ್ಸಿದೆ. ಅವನು ಕೊಂಡು ಹೋದದ್ದು ಹೋಗಿ, ಉಳಿದದ್ದನ್ನು ಅಕ್ಕ ಕಟ್ಟುವ ಹಾಗೆಯೇ ಕಟ್ಟಿ ಪಕ್ಕಾಸಿಗೆ ತೂಗುಹಾಕಿದೆ. ಹೇಳಿದ ಮಳೆ ಬರಲೇ ಇಲ್ಲ.

ಮೇ ತಿಂಗಳ ಕೊನೆಗೆ ಅಕ್ಕನನ್ನು ಮನೆಗೆ ಕರೆತಂದೆವು. ಅವಳೇ ಹೇಳಿ ಚಾವಡಿಯಲ್ಲಿ ಹಾಸಿಗೆ ಹಾಕಿಸಿಕೊಂಡಳು. ಮಲಗಿದರೆ ಕಣ್ಣೆದುರು ಸೌತೆಕಾಯಿಗಳೇ. "ದಪ್ಪ ಉಂಟು" ಎಂದಳು. ಚೆನ್ನಾಗಿದೆ ಎನ್ನಲಿಲ್ಲ.

ಮಳೆ ಹಿಡಿದ ಎರಡನೆಯ ವಾರ ನೆಲದ ಮೇಲೆ ಒಂದು ಹನಿ ಕಂಡಿತು. ಮಾಡು ಸೋರುತ್ತಿದೆಯೆಂದು ಮೇಲೆ ನೋಡಿದೆ. ಹೆಂಚು ಒಣಗಿಯೇ ಇತ್ತು. ಹನಿ ಬಿದ್ದದ್ದು ಕಾಯಿಯಿಂದ. ಮುಟ್ಟಿದರೆ ಬೆರಳು ಒಳಗೆ ಹೋಯಿತು. ಮರುದಿನ ಇನ್ನೆರಡು, ಅದರ ಮರುದಿನ ಆರೇಳು. ಅಕ್ಕ ಏಳುವ ಮೊದಲೇ ಎದ್ದು ಮೆತ್ತಗಾದದ್ದನ್ನು ಇಳಿಸಿ ಗೊಬ್ಬರದ ಗುಂಡಿಗೆ ಹಾಕಿ, ನೆಲ ಒರೆಸಿ, ಫಿನಾಯಿಲ್ ಹಾಕುತ್ತಿದ್ದೆ. ಖಾಲಿಯಾದ ಜಾಗ ಕಾಣಬಾರದೆಂದು ಉಳಿದವನ್ನು ಸರಿಸಿ ಸರಿಸಿ ಕಟ್ಟುತ್ತಿದ್ದೆ. ಒಂದು ದಿನ ಹನಿ ಅವಳ ಹೊದಿಕೆಯ ಮೇಲೆಯೇ ಬಿತ್ತು. ಅವಳು ಅದನ್ನು ನೋಡಿ ಹೊದಿಕೆಯನ್ನು ಮಡಚಿ ಬದಿಗೆ ಹಾಕಿದಳು. ಅವಳು ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಆಗ ಭಯ ಹತ್ತಿತು. ಕಾಯಿ ಹೋದರೆ ಹೋಗಲಿ, ಬೀಜವಾದರೂ ಉಳಿಯಲಿ ಎಂದು ಗಟ್ಟಿಯಿದ್ದ ಕೆಲವನ್ನು ಹಿತ್ತಿಲಿಗೆ ಒಯ್ದು ಕೊಯ್ದೆ. ತಿರುಳೆಲ್ಲ ನೀರು ನೀರು. ಬೀಜ ಬಿಳಿಯಾಗಿ, ಹಾಳೆಯಷ್ಟು ತೆಳ್ಳಗಿತ್ತು. ಬಕೆಟಿನ ನೀರಿಗೆ ಹಾಕಿದೆ. ಗಟ್ಟಿ ಬೀಜ ಮುಳುಗುತ್ತದೆ, ಜೊಳ್ಳು ತೇಲುತ್ತದೆ. ಹೆಚ್ಚುಕಡಿಮೆ ಎಲ್ಲವೂ ತೇಲಿತು. ಬಲಿಯುವ ಮೊದಲೇ ಕೊಯ್ದದ್ದರ ಫಲ ಅದು. ಬೆರಳೆಣಿಕೆಯಷ್ಟು ಮುಳುಗಿದ್ದವನ್ನು, ಮೊಳಕೆ ಬರುತ್ತದೋ ನೋಡಲು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟೆ. ಅವೂ ಬೂಸ್ಟು ಹಿಡಿದವು.

ಬೀಜ ಹುಡುಕಿಕೊಂಡು ಹೊರಟೆ. ಪಕ್ಕದ ಹೂಡೆ ಊರಿನಲ್ಲಿ ಕೊಂಕಣಿ ಮಾತಾಡುವ ಒಬ್ಬರು ಕ್ರಿಶ್ಚಿಯನ್ ಹೆಂಗಸು ಇದ್ದರು, ಅಕ್ಕನಿಂದ ಬಹಳ ವರ್ಷಗಳ ಹಿಂದೆ ಬೀಜ ಕೊಂಡುಹೋದವರು. "ಈಗ ಅದೆಲ್ಲ ಯಾರ ಹತ್ತಿರ ಉಂಟು ಟೀಚರ್? ನಾವು ಪ್ಯಾಕೆಟು ತಂದು ಹಾಕುವುದು. ನಿಮ್ಮ ಅಕ್ಕನ ಹತ್ತಿರ ಇಲ್ವಾ?" ಎಂದರು. ಕೇಳಿಸದವಳಂತೆ ಕೊಡೆ ಬಿಡಿಸಿಕೊಂಡು ಹೊರಟುಬಂದೆ. ಕಾರ್ಕಳಕ್ಕೂ ಹೋದೆ. ನಮ್ಮ ಶಾಲೆಯಲ್ಲಿ ಅಡುಗೆ ಮಾಡುತ್ತಿದ್ದವಳಿಗೆ ನಾನೇ ಒಮ್ಮೆ ಬೀಜ ಕೊಟ್ಟಿದ್ದೆ. ಅಲ್ಲಿಯ ಮುರಕಲ್ಲಿನ ನೆಲದಲ್ಲಿ ಕಾಯಿ ಸಣ್ಣದಾದರೂ ಸಿಪ್ಪೆ ಗಟ್ಟಿ ಬರುತ್ತದೆಂದು ಅವಳು ಖುಷಿಪಟ್ಟದ್ದು ನೆನಪಿತ್ತು. ಅವಳೂ ಕೈಯಲ್ಲಾಡಿಸಿದಳು. ಪಕ್ಕದ ತೋಟದಲ್ಲಿ ಹೈಬ್ರಿಡ್ ಹಾಕಿದ ಮೇಲೆ ಜೇನುನೊಣ ಅಲ್ಲಿಂದಿಲ್ಲಿಗೆ ಹಾರಿ, ಎರಡೇ ವರ್ಷದಲ್ಲಿ ಕಾಯಿ ಒಂದೊಂದು ಬಳ್ಳಿಯಲ್ಲಿ ಒಂದೊಂದು ಆಕಾರವಾಗಿ, ಬೇಜಾರಾಗಿ ಬಿಟ್ಟುಬಿಟ್ಟಳಂತೆ.

ಬಸ್ಸಿಳಿದು ಉಡುಪಿಯ ಮಾರ್ಕೆಟ್ಟಿನಲ್ಲಿ ನಮ್ಮದರ ಹಾಗೆಯೇ ಪಟ್ಟೆಯಿದ್ದ ಒಂದು ಸೌತೆಕಾಯಿ ಆರಿಸಿದೆ. ಮನೆಯಲ್ಲಿ ಆಗ ಉಳಿದಿದ್ದವು ಎರಡೇ, ಎರಡೂ ಹೋಗುವ ಹಾಗಿದ್ದವು. ಅವನ್ನು ಇಳಿಸಿ ಇದನ್ನು ಕಟ್ಟಿದೆ. ಅರವತ್ತು ದಾಟಿದ ಮೇಲೆ ನಾನು ಮಾಡಿದ ಅತಿ ನಾಚಿಕೆಗೇಡಿನ ಕೆಲಸ ಅದು. ಆಗ ಅದು ಕರುಣೆಯ ಕೆಲಸ ಅನ್ನಿಸಿತ್ತು.

ಆಟಿಯ ಅಮಾವಾಸ್ಯೆ ಕಳೆದ ಮೂರನೆಯ ದಿನ ಅಕ್ಕ, "ಅದನ್ನು ಇಳಿಸಿ ಕೊಡು. ಬೀಜ ತೆಗೆಯುವ" ಎಂದಳು. ಕೊಟ್ಟೆ. ಎದೆಯ ಮೇಲೆ ಇಟ್ಟುಕೊಂಡು ಉಗುರಿನಿಂದ ಒಮ್ಮೆ ಬಡಿದಳು. ತೊಟ್ಟಿನ ಸುತ್ತ ಹೆಬ್ಬೆರಳು ಆಡಿಸಿದಳು.

"ಇದು ನಮ್ಮದಲ್ಲ" ಎಂದಳು.

ನಾನು ಎಲ್ಲ ಹೇಳಿದೆ. ನವಿಲು, ಪಂಪು, ಯೂರಿಯಾ, ಹಸಿರು ತೊಟ್ಟು, ತೇಲಿದ ಬೀಜ. ಹೇಳುತ್ತಾ ಅತ್ತೆ. ನಾನು ಮುಗಿಸಿದ ಮೇಲೆ ಅಕ್ಕ, "ಗೋಡೆಯದ್ದೂ ಇಲ್ವಾ?" ಎಂದು ಒಂದೇ ಪ್ರಶ್ನೆ ಕೇಳಿದಳು. ಇಲ್ಲವೆಂದೆ. "ಆಯ್ತು. ಇದನ್ನು ಹುಳಿ ಮಾಡು" ಎಂದು ಕಾಯಿಯನ್ನು ನನ್ನ ಕೈಗಿತ್ತು ಗೋಡೆಯ ಕಡೆ ತಿರುಗಿ ಮಲಗಿದಳು.

ಮಾಡಿದ ಹುಳಿಯನ್ನು ಅವಳು ತಿನ್ನಲಿಲ್ಲ. ಬರುವ ವರ್ಷ ಎಂಬ ಮಾತು ಆಮೇಲೆ ಒಂದು ಸಲವೂ ಅವಳ ಬಾಯಿಂದ ಬರಲಿಲ್ಲ. ನೆಟ್ಟಗೆ ಕೂರುವುದೂ ನಿಂತಿತು. ಕಾಯಿಲೆಯಿಂದ ಆಗದ್ದನ್ನು ನಾನು ಮಾಡಿದ್ದೆ. ಗದ್ದೆಯಲ್ಲಿ ಭತ್ತ ಹಣ್ಣಾಗುವ ಮೊದಲೇ ಅವಳು ಹೋದಳು.

ಮರುವರ್ಷ ನಾನು ಪ್ಯಾಕೆಟಿನ ಬೀಜ ತಂದು ಅದೇ ಗದ್ದೆಗೆ ಹಾಕಿದೆ. ಹಟ್ಟಿ ಗೊಬ್ಬರ, ಬೂದಿ, ಮೀನಿನ ಹುಡಿ. ಸೊಂಟಕ್ಕೆ ಬಟ್ಟೆ ಬಿಗಿದು ಕೊಡಪಾನದಲ್ಲೇ ನೀರು ಹೊತ್ತೆ. ದಿನಾ ಬೆಳಿಗ್ಗೆ ರುಚಿ ನೋಡಿದೆ. ಕಾಯಿ ಮುಷ್ಟಿಯಷ್ಟಾದಾಗ ನೀರು ಕಡಿಮೆ ಮಾಡಿದೆ, ಕೊನೆಯ ಹತ್ತು ದಿನ ಬಳ್ಳಿ ಬಾಡಿದರೂ ಕೊಡಲಿಲ್ಲ. ತೊಟ್ಟು ಒಣಗಿದ ಮೇಲೆ ಕೊಯ್ದು ತೂಗುಹಾಕಿದೆ. ಮಳೆ ಬಂತು, ಆಟಿ ಬಂತು, ಆಟಿ ಕಳೆಯಿತು. ಗುರುತು ಪರಿಚಯವಿಲ್ಲದ ಆ ಅಂಗಡಿಯ ಬೀಜದ ಕಾಯಿಗಳೂ ಒಂದೆರಡು ಬಿಟ್ಟರೆ ಎಲ್ಲ ಗಟ್ಟಿಯಾಗಿಯೇ ನಿಂತವು. ಅದನ್ನು ಕಂಡ ದಿನ ನಾನು ಚಾವಡಿಯಲ್ಲಿ ಕೂತು, ಅಕ್ಕ ಹೋದ ದಿನ ಅತ್ತದ್ದಕ್ಕಿಂತ ಹೆಚ್ಚು ಅತ್ತೆ. ಅವಳು ಆಟೋದಲ್ಲಿ ಕೂತು ಹೇಳಿದ್ದರಲ್ಲಿ ನನ್ನಿಂದ ಆಗದಂಥದ್ದು ಒಂದೂ ಇರಲಿಲ್ಲ.