ಇಂದುಶೇಖರರ ಸಿಟ್ಟಿನ ನಿಘಂಟು

ದೆಹಲಿಯ ಮಯೂರ್ ವಿಹಾರದ ಇಂದುಶೇಖರರಿಗೆ ಸಿಟ್ಟು ಬಂದರೆ ಬಾಯಿಂದ ಬೈಗುಳ ಬರುವುದಿಲ್ಲ, ಹೊಸ ಪದ ಬರುತ್ತದೆ. ಸಚಿವಾಲಯದಲ್ಲಿ ಮೂವತ್ತು ವರ್ಷ ಕಡತಗಳಿಗೆ ಟಿಪ್ಪಣಿ ಬರೆದ ಕೈ ಅದು. ಪದ ಹುಟ್ಟಿದ ಕೂಡಲೇ ಹಳೆಯ ಡೈರಿಯಲ್ಲಿ ಅರ್ಥಸಹಿತ ದಾಖಲಾಗಲೇಬೇಕು. ‘ನಾಳೇಂದ್ರ: ಮೂರು ವಾರದಿಂದ “ಕಲ್ ಪಕ್ಕಾ, ಅಂಕಲ್‌ಜೀ” ಎಂದು ನಾಳೆಗೆ ತಳ್ಳುತ್ತಲೇ ಇರುವ ಪ್ಲಂಬರ್.’ ‘ಹಾರ್ನಾಸುರ: ಕೆಂಪು ದೀಪವನ್ನೂ ಹಾರ್ನ್ ಹೊಡೆದು ಹೆದರಿಸುವವನು.’ ‘ಲಿಫ್ಟ್‌ಮುನಿ: ನಾವು ಓಡಿ ಬರುವುದನ್ನು ಕಂಡೂ ಕಣ್ಮುಚ್ಚಿ ಬಟನ್ ಒತ್ತುವ ನಾಲ್ಕನೇ ಮಹಡಿಯ ಮಹಾನುಭಾವ.’ “ರೀ, ಅಲ್ಲಿ ನಲ್ಲಿ ಸೋರ್ತಾ ಇದೆ, ನೀವು ಪದ ಕಟ್ತಾ ಕೂತಿದ್ದೀರಲ್ಲ!” ಎಂದು ಹೆಂಡತಿ ಸುಮಿತ್ರಾ ರೇಗಿದರೆ, ಇಂದುಶೇಖರರ ಸಿಟ್ಟು ಮಗಳ ಕಡೆ ತಿರುಗುತ್ತದೆ: “ಇಪ್ಪತ್ತು ವರ್ಷದಿಂದ ಮನೇಲಿ ಕನ್ನಡ ಮಾತಾಡ್ತಿದ್ದೀವಿ, ಇವಳ ಬಾಯಲ್ಲಿ ಒಂದೇ ಒಂದು ಪದ ಬರುತ್ತಾ?” ಹಿಂದಿಯಲ್ಲೇ ಬೆಳೆದ ಆ ಮಗಳು ಪ್ರೇರಣಾ, ಒಂದು ಸಂಜೆ ಬಾಲ್ಕನಿಯಲ್ಲಿ ನಿಂತು ಫೋನಿನಲ್ಲಿ ಗೆಳತಿಗೆ, “ಅರೇ ಯಾರ್, ಹಮಾರಾ ನಾಳೇಂದ್ರ ಆಜ್ ಭೀ ನಹೀಂ ಆಯಾ!” ಎಂದು ಪ್ಲಂಬರ್ ಅಂದೂ ಬಾರದ್ದನ್ನು ದೂರುವುದು ಅವರ ಕಿವಿಗೆ ಬಿತ್ತು. ಅಂದಿನಿಂದ ಇಂದುಶೇಖರರು ಸಿಟ್ಟು ಬಾರದ ದಿನವೂ ಚಪ್ಪಲಿ ಮೆಟ್ಟಿ ಬೀದಿಗಿಳಿದು, ಎಲ್ಲಿಂದಾದರೂ ಒಂದು ಸಿಟ್ಟು ಹುಡುಕಿಕೊಂಡೇ ಮನೆಗೆ ಬರುತ್ತಾರೆ.