ಚುಕ್ಕಿ ಮೇಡಂ ಮತ್ತು ಎಂಟನೆಯ ಹುಡುಗಿ

ಬೆಳಗಿನ ಬಸ್ಸಿನಿಂದ ಮೊದಲು ಒಂದು ಹಳದಿ ಮಚ್ಚೆ ಇಳಿಯುತ್ತಿತ್ತು. ಅರಿಶಿನ ಕಲಸಿದಂಥ ಗಾಢ ಹಳದಿ. ಜನರೆಲ್ಲ ನನಗೆ ಹೊಗೆಯ ಹಾಗೆ ಕಾಣುತ್ತಿದ್ದ ಕಾಲ ಅದು. ಯಾವುದು ಅಪ್ಪ, ಯಾವುದು ಕಂಬ ಅಂತ ತಿಳಿಯುತ್ತಿದ್ದದ್ದು ಅಪ್ಪ ಮಾತಾಡಿದ ಮೇಲೆಯೇ. ಆ ಹಳದಿ ಸೀರೆ ಮಾತ್ರ ದೂರದಿಂದಲೇ ಗೊತ್ತಾಗುತ್ತಿತ್ತು. ಬೆಳಕಷ್ಟೇ ಕಾಣುವ ಮಕ್ಕಳಿಗೂ ತಾನು ಎಲ್ಲಿದ್ದೇನೆಂದು ತಿಳಿಯಲಿ ಅಂತ ಮೇಡಂ ಬೇಕೆಂದೇ ಆ ಬಣ್ಣ ಉಡುತ್ತಿದ್ದರು. ಊರ ಹೆಂಗಸರಿಗೆ ಅದೊಂದು ತಮಾಷೆ. "ಈಯಮ್ಮ ದಿನಾ ಮದ್ವಣಗಿತ್ತಿ ಹಂಗೇ ಬರ್ತಾಳಲ್ರೇ," ಅನ್ನುತ್ತಿದ್ದರು.

ನಮ್ಮೂರು ಮೊಳಕಾಲ್ಮುರು ತಾಲ್ಲೂಕಿನಲ್ಲಿ, ಸಿದ್ದಾಪುರದ ಆಚೆ ಬಂಡೆಗಳ ನಡುವೆ. ಮೇಕೆ ಕಾಯುವುದೇ ಮನೆಯ ಕಸುಬು. ಐದಾರು ವರ್ಷದವಳಿದ್ದಾಗಿನಿಂದ ನನ್ನ ಎರಡು ಕಣ್ಣಿಗೂ ಪೊರೆ ಕಟ್ಟುತ್ತ ಬಂದು, ಶಾಲೆಗೆ ಸೇರಿದ ಒಂದೆರಡು ವರ್ಷದಲ್ಲಿ ಕಪ್ಪುಹಲಗೆಯಲ್ಲಿ ಕಪ್ಪು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಹೆಡ್ಮಾಸ್ಟರು ನನ್ನನ್ನು ಹಿಂದಿನ ಗೋಡೆಗೆ ಕೂರಿಸಿದ್ದರು. ಪಕ್ಕದಲ್ಲಿ ಫರೀದಾ. ರಸ್ತೆ ಬದಿಯಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದವರ ಮಗಳು, ಹುಟ್ಟಿನಿಂದಲೇ ಕಣ್ಣು ಕಾಣದವಳು. ಮಗ್ಗಿ ಹೇಳುವಾಗ ನಾವಿಬ್ಬರೂ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದೆವು, ಶಾಲೆಯಲ್ಲಿ ನಮಗೆ ಬೇರೆ ಕೆಲಸವೇ ಇರಲಿಲ್ಲ.

ಮೇಡಂ ಬಂದ ಮೇಲೆ ಕೆಲಸ ಸಿಕ್ಕಿತು. ಉಬ್ಬಿದ ಚುಕ್ಕಿಗಳನ್ನು ಬೆರಳಿಂದ ತಡವಿ ಓದುವುದನ್ನು ಕಲಿಸುತ್ತಿದ್ದರಿಂದ ಸುತ್ತಲಿನ ಊರುಗಳಲ್ಲೆಲ್ಲ ಅವರು ಚುಕ್ಕಿ ಮೇಡಂ. ವಾರದಲ್ಲಿ ಮೂರು ದಿನ ನಮ್ಮ ಶಾಲೆ, ಉಳಿದ ದಿನ ಬೇರೆ ಊರಿನ ಮಕ್ಕಳ ಮನೆಬಾಗಿಲು. ಚಳ್ಳಕೆರೆಯಿಂದ ಬರುತ್ತಿದ್ದರು. ಗಂಡನಿಗೆ ಅಲ್ಲಿನ ಒಂದು ಎಣ್ಣೆ ಮಿಲ್ಲಿನಲ್ಲಿ ಕೆಲಸ. ಮಿಲ್ಲು ತೆರೆದಿರುವ ದಿನಕ್ಕಿಂತ ಮುಚ್ಚಿರುವ ದಿನವೇ ಹೆಚ್ಚು. ಮೈಸೂರಿನಲ್ಲಿ ಒಂದು ವರ್ಷ ಇದೇ ವಿದ್ಯೆಯ ತರಬೇತಿ ಮುಗಿಸಿಕೊಂಡು, ಒಂದು ಸಂಸ್ಥೆಯ ಕೆಳಗೆ ಈ ನೌಕರಿ ಹಿಡಿದಿದ್ದರು. ನಮ್ಮಜ್ಜಿಯ ಹತ್ತಿರ ತೆಲುಗಿನಲ್ಲಿ ಹರಟುತ್ತಿದ್ದರು. ಫರೀದಾಗೆ ಲೆಕ್ಕ ಹೇಳಿಕೊಡಲು ಉರ್ದುವಿನ ಏಕ್ ದೋ ತೀನ್ ಕಲಿತಿದ್ದರು, ತಪ್ಪು ತಪ್ಪಾಗಿ. ಫರೀದಾ ಬಿದ್ದು ಬಿದ್ದು ನಗುತ್ತಿದ್ದಳು. ಅವಳನ್ನು ನಗಿಸಲಿಕ್ಕೆಂದೇ ತಪ್ಪು ಹೇಳುತ್ತಿದ್ದರೋ ಏನೋ.

ಫರೀದಾ ಚುಕ್ಕಿ ಓದಿದರೆ ಬಾವಿಯಿಂದ ನೀರು ಸೇದಿದ ಹಾಗೆ, ನಿಲ್ಲುತ್ತಲೇ ಇರಲಿಲ್ಲ. ನನಗೆ ಬರುತ್ತಿರಲಿಲ್ಲ. "ಏನೇ, ಮೇಕೆ ಮೇಯಿಸ್ದಂಗೆ ಬೆರಳು ಮೇಯಿಸ್ತೀಯಲ್ಲೇ, ಒಂದು ಸಾಲಲ್ಲಿ ನಿಲ್ಲಲ್ಲ ಅದು," ಎಂದು ಮೇಡಂ ನನ್ನ ತಲೆಗೆ ಮೊಟಕುತ್ತಿದ್ದರು. ಹಾಗೆ ಮೊಟಕಲು ಬಗ್ಗಿದಾಗಲೇ ಒಂದು ದಿನ ನನ್ನ ಕಣ್ಣನ್ನು ಬಿಸಿಲಿಗೆ ತಿರುಗಿಸಿ ತುಂಬ ಹೊತ್ತು ನೋಡಿದರು. ಆ ಸಂಜೆ ಬಸ್ಸು ಬಿಟ್ಟು ನಮ್ಮ ಮನೆಗೆ ಬಂದರು.

"ಇದು ಪೊರೆ ಕಣಮ್ಮ. ತೆಗೆಸಿದ್ರೆ ಕಾಣುತ್ತೆ."

"ದ್ಯಾವ್ರು ಕೊಟ್ಟಿದ್ದು ಮೇಡಮ್ನೋರೆ, ಕುಯ್ಸೋದು ಬ್ಯಾಡ," ಅಂದಳು ಅವ್ವ.

"ದೇವರು ಪೊರೆ ಕೊಟ್ಟ, ಬಳ್ಳಾರೀಲಿ ಡಾಕ್ಟರನ್ನೂ ಕೊಟ್ಟ. ಎರಡೂ ಅವನದೇ ಅಲ್ವಾ?"

ಅವ್ವ ಒಪ್ಪುವವರೆಗೆ ಅವರು ಮತ್ತೆ ಮತ್ತೆ ಬಂದರು. ಆ ದಿನಗಳಲ್ಲೇ ಹೆಡ್ಮಾಸ್ಟರು ನನ್ನೆದುರೇ ಅವರಿಗೆ ಹೇಳಿದ್ದು ನನಗೆ ನೆನಪಿದೆ: "ತಲೆ ಮೇಲೆ ಚಪ್ಪಡಿ ಎಳ್ಕೋತಿದೀರಿ ಮೇಡಂ. ಲೆಕ್ಕ ಹಾಕಿದೀರಾ?" ಲೆಕ್ಕ ಇಷ್ಟೇ. ಕಣ್ಣಿಲ್ಲದ ಎಂಟು ಮಕ್ಕಳಿದ್ದರೆ ಒಬ್ಬ ಶಿಕ್ಷಕಿಯ ಸಂಬಳಕ್ಕೆ ಅನುದಾನ, ಏಳಾದರೆ ಇಲ್ಲ. ಅವರ ಹತ್ತಿರ ಇದ್ದದ್ದು ಸರಿಯಾಗಿ ಎಂಟು, ಎಂಟನೆಯವಳು ನಾನು. "ಮೊದ್ಲು ಕಣ್ಣು ಬರ್ಲಿ ಸಾರ್, ಎಣಿಸೋದು ಆಮೇಲೆ," ಅಂದರು ಮೇಡಂ. ನನಗೆ ಆಗ ಅದು ಅರ್ಥವಾಗಿರಲಿಲ್ಲ. ಅರ್ಥವಾಗಿದ್ದರೂ ಬೇಡ ಅನ್ನುತ್ತಿದ್ದೆನೆ? ಹತ್ತು ವರ್ಷದ ಹುಡುಗಿ ಕಣ್ಣು ಬೇಡ ಅನ್ನುತ್ತಾಳೆಯೇ? ಹೀಗೆ ನನ್ನನ್ನು ನಾನೇ ಕೇಳಿಕೊಂಡು ಸಮಾಧಾನ ಮಾಡಿಕೊಳ್ಳಲು ನೋಡಿದ್ದೇನೆ. ಆಗಿಲ್ಲ.

ಬಳ್ಳಾರಿಯ ಆಸ್ಪತ್ರೆಯಲ್ಲಿ ಅವ್ವನ ಜೊತೆ ಅವರೂ ಉಳಿದರು. ಕಣ್ಣೊಳಗೇ ಮಸೂರ ಕೂರಿಸಿದರು. ಪಟ್ಟಿ ಬಿಚ್ಚಿದಾಗ ಹಳದಿ ಸೀರೆ ಮೊದಲು ಕಂಡಿತು. ಅದರ ಅಂಚು ಸವೆದು ಬೇರೆ ದಾರದಿಂದ ಹೊಲಿದಿತ್ತು. ಅದರ ಮೇಲೆ ಕಪ್ಪನೆಯ, ಹಲ್ಲು ಸ್ವಲ್ಪ ಉಬ್ಬಿದ ಒಂದು ಮುಖ ಅಳುತ್ತಿತ್ತು. "ಯಾಕೆ ಅಳ್ತೀರಾ ಮೇಡಂ, ಕಾಣ್ತೈತೆ," ಅಂದೆ. "ಕಾಣ್ತೈತಲ್ಲ, ಅದಕ್ಕೇ ಕಣೇ," ಅಂದರು.

ಊರಿಗೆ ಬಂದ ಮೇಲೆ ಎಣಿಸುವ ಕಾಲ ಬಂತು. ವರ್ಷಕ್ಕೊಮ್ಮೆ ಮಕ್ಕಳನ್ನು ನೋಡಿಹೋಗಲು ಅನುದಾನದ ಕಡೆಯ ಸಾಹೇಬರು ಬರುತ್ತಿದ್ದರು. ಅವರು ಬರುವುದರೊಳಗೆ ನನ್ನ ಜಾಗಕ್ಕೆ ಇನ್ನೊಂದು ಮಗು ಬೇಕು ಅಂತ ಮೇಡಂ ಊರೂರು ತಿರುಗಿದರು. ಒಂದು ಹಟ್ಟಿಯಲ್ಲಿ ಕಿವಿ ಕೇಳದ ಹುಡುಗ ಸಿಕ್ಕಿದ. ಆದರೆ ಇವರ ತರಬೇತಿ ಕಣ್ಣಿನದು, ಆ ಹುಡುಗ ಲೆಕ್ಕಕ್ಕೆ ಬರುವುದಿಲ್ಲ ಅಂದರು ಸಂಸ್ಥೆಯವರು. ಇನ್ನೊಂದು ಕಡೆ ಸಿಕ್ಕಿದ್ದು ಇನ್ನೂ ತೊಟ್ಟಿಲ ಕೂಸು. ಮೇಕೆ ಕಳೆದರೆ ನಮ್ಮಪ್ಪ ಗುಡ್ಡವೆಲ್ಲ ಹುಡುಕುತ್ತಿದ್ದ. ಮಗು ಕಳೆಯದೆ, ಕಣ್ಣು ಬಂತೆಂಬ ಕಾರಣಕ್ಕೆ ಇನ್ನೊಂದು ಕುರುಡು ಮಗುವನ್ನು ಹುಡುಕುತ್ತ ಅಲೆಯುವ ಗತಿ ಅವರಿಗೆ ಬಂತು.

ಕೊನೆಗೆ ಉಪಾಯ ಹೇಳಿದವರು ಹೆಡ್ಮಾಸ್ಟರೇ. "ಆಸ್ಪತ್ರೇಲಿ ಕೊಟ್ಟ ಕರೀ ಕನ್ನಡಕ ಐತಲ್ಲ, ಅದನ್ನ ಹಾಕ್ಸಿ ಕೂರ್ಸಿ. ಒಂದು ಗಂಟೆ ತಾನೆ?" ಮೇಡಂ ಮೊದಲು ಬೇಡ ಅಂದರು. ಆಮೇಲೆ ಫರೀದಾ ಚುಕ್ಕಿ ಪುಸ್ತಕ ಓದುತ್ತ ಕೂತಿದ್ದನ್ನು ನೋಡಿ ಸುಮ್ಮನಾದರು. ಮನೆಯಲ್ಲಿ ಮುಚ್ಚಿದ ಮಿಲ್ಲೂ ನೆನಪಾಗಿರಬೇಕು.

ಹೀಗೆ, ಕಣ್ಣು ಕೊಡಿಸಿದವರೇ ನನಗೆ ಕಣ್ಣಿಲ್ಲದ ಹಾಗೆ ಕೂರುವುದನ್ನು ಕಲಿಸಿದರು. "ಯಾರಾದ್ರೂ ಕರೆದ್ರೆ ಮುಖ ತಿರುಗಿಸ್ಬೇಡ, ಕಿವಿ ಕೊಡು. ಬೆರಳು ಪುಸ್ತಕದ ಮೇಲಿರಲಿ." ಪಾಠ ಹೇಳುವಾಗ ಎಂದೂ ತಗ್ಗದ ದನಿ ಅವತ್ತು ತಗ್ಗಿತ್ತು. ನನ್ನ ಕಡೆ ನೋಡುತ್ತಿರಲಿಲ್ಲ. ನನಗೋ ಅದೊಂದು ಆಟ. ಫರೀದಾಳೇ ನನ್ನ ಮೇಷ್ಟ್ರು. "ಹಂಗಲ್ವೇ, ನೀನು ಉಸಿರು ಬಿಡೋದೇ ಕಣ್ಣು ಕಾಣೋರ ಥರ ಐತೆ," ಅಂತ ಬೈಯುತ್ತಿದ್ದಳು.

ಸಾಹೇಬರು ಬಂದ ದಿನ ಎಂಟೂ ಜನ ನಮ್ಮ ಶಾಲೆಯಲ್ಲಿ ಸಾಲಾಗಿ ಕೂತೆವು. ಅವರು ಒಳ್ಳೆಯವರೇ. ಒಬ್ಬೊಬ್ಬರ ತಲೆ ಸವರಿ ಹೆಸರು ಕೇಳಿದರು, ಫರೀದಾ ಓದಿದ್ದಕ್ಕೆ ಚಪ್ಪಾಳೆ ತಟ್ಟಿದರು. ನಾನೂ ಬಾಯಿಪಾಠ ಮಾಡಿದ್ದ ಒಂದು ಸಾಲನ್ನು ಬೆರಳಾಡಿಸುತ್ತ ಹೇಳಿದೆ. ಗೆದ್ದೆವು ಅಂದುಕೊಂಡೆ. ಸಾಹೇಬರು ಬಾಗಿಲಿಗೆ ಬೆನ್ನು ಮಾಡಿ ಮೇಡಂ ಜೊತೆ ಮಾತಿಗೆ ನಿಂತರು. ಅವರ ಚೀಲ, ಕಾಗದಗಳು ಹಿಂದಿನ ಕುರ್ಚಿಯ ಮೇಲೆ. ಆಗ ಸದ್ದಿಲ್ಲದೆ ಒಂದು ಮೇಕೆ ಒಳಗೆ ಬಂತು. ಕತ್ತು ಚಾಚಿ ಒಂದು ಕಾಗದ ಎಳೆಯಿತು.

ಮೇಕೆ ಮನೆಯಲ್ಲಿ ಹುಟ್ಟಿದವಳು, ಸುಮ್ಮನಿರುವುದು ಹೇಗೆ? "ಹೇಯ್! ಥೂ, ಬಿಡೋ!" ಅಂತ ನನ್ನ ಬಾಯಿ ತಾನಾಗಿ ಕೂಗಿಬಿಟ್ಟಿತು.

ಸಾಹೇಬರು ತಿರುಗಿದರು. ಮೇಕೆಯನ್ನು ನೋಡಿದರು, ನನ್ನನ್ನು ನೋಡಿದರು. ಅಷ್ಟರಲ್ಲಿ ಫರೀದಾ ಮೂಗು ಮುಚ್ಚಿಕೊಂಡು, "ಹೌದ್ರೀ ಸಾರ್, ನಂಗೂ ವಾಸ್ನೆ ಬಂತು. ಹೋತದ ವಾಸ್ನೆ," ಅಂದಳು. ಎಂಥ ಹುಡುಗಿ! ಸಾಹೇಬರು ನಕ್ಕರು. ಮೇಡಂ ಉಸಿರು ಬಿಟ್ಟರು. ಎಲ್ಲ ಸರಿಹೋಗಿತ್ತು.

ಹರಿದ ಕಾಗದ ಎತ್ತಿಕೊಂಡ ಸಾಹೇಬರು, "ಯಾರದ್ರೀ ಇದು ಮೇಕೆ? ನಿಮ್ಮನೇದಾ ಪುಟ್ಟಿ?" ಅಂದರು, ಬರೀ ಮಾತಿಗೆ. ಅಪ್ಪನ ಮೇಲೆ ದೂರು ಬರುತ್ತದೆ, ದಂಡ ಹಾಕುತ್ತಾರೆ ಅಂತ ನನಗೆ ಹೆದರಿಕೆಯಾಯಿತು. "ನಮ್ದಲ್ಲ ಸಾರ್! ನಮ್ಮವಕ್ಕೆ ಎಡಗಿವಿ ತುದಿ ಸೀಳಿ ಗುರ್ತು ಮಾಡಿರ್ತೀವಿ. ನೋಡಿ, ಇದರ ಕಿವಿ ನೆಟ್ಟಗೈತೆ."

ಕಿವಿಯ ಗುರುತಿಗೆ ವಾಸನೆ ಇರುವುದಿಲ್ಲ. ಸಾಹೇಬರು ಬಂದು ನನ್ನ ಕನ್ನಡಕ ತೆಗೆದರು, ಕಣ್ಣು ನೋಡಿದರು. "ಕಣ್ಣು ಬಂದಿದೆಯಲ್ಲಮ್ಮ, ಭಾಳ ಸಂತೋಷ," ಅಂದರು. ನಿಜವಾಗಿ ಸಂತೋಷಪಟ್ಟೇ ಹೇಳಿದರು. ಆಮೇಲೆ ಮೇಡಂಗೆ, "ಮೋಸ ಅಂತ ಬರೆಯಲ್ಲ. ಆದ್ರೆ ಏಳನ್ನ ಎಂಟು ಅಂತ ಬರೆಯೋಕೆ ನನ್ನಿಂದ ಆಗಲ್ಲ. ಮೇಲಿನೋರು ನನ್ನನ್ನೂ ಕೇಳ್ತಾರೆ," ಅಂದರು. ಅವರು ಹೋಗುವಾಗ ಮೇಡಂ ಕೈ ಮುಗಿದರು. ನನ್ನನ್ನು ಮಾತಾಡಿಸದೆ ಬಸ್ಸು ಹತ್ತಿದರು.

ಮಾರನೆಯ ದಿನ ಅವರು ಬರುವ ದಿನವಲ್ಲ. ಆದರೂ ಬಂದರು. ನನ್ನನ್ನು ಶಾಲೆಯ ಹಿಂದಿನ ಬೇವಿನ ಮರದ ಹತ್ತಿರ ಕರೆದುಕೊಂಡು ಹೋದರು. "ನಿನ್ನೆ ನಿನ್ನ ಮೇಲೆ ಸಿಟ್ಟು ಬಂದಿತ್ತು ಕಣೇ. ರಾತ್ರಿಯೆಲ್ಲ ಇತ್ತು. ಇವಳಿಗೆ ಯಾಕಾದ್ರೂ ಕಣ್ಣು ಮಾಡಿಸ್ದೆನೋ ಅಂತ ಒಂದು ಗಳಿಗೆ ಅನ್ನಿಸ್ತು. ಹಂಗನ್ನಿಸ್ತಲ್ಲ, ಅದಕ್ಕೆ ನಾಚಿಕೆ ಆಗ್ತೈತೆ. ನಿನಗೆ ಹೇಳ್ದೆ ಇದ್ರೆ ತಡೆಯೋಕಾಗಲ್ಲ ಅಂತ ಬಂದೆ." ದೊಡ್ಡವರು ಮಕ್ಕಳಿಗೆ ಹೀಗೆ ಹೇಳುತ್ತಾರೆಂದು ನನಗೆ ಗೊತ್ತಿರಲಿಲ್ಲ. ನಾನು ಅತ್ತೆ. ಅವರು ಸೆರಗಿನಿಂದ ನನ್ನ ಮುಖ ಒರೆಸಿ, "ಕಣ್ಣು ಉಜ್ಜಬೇಡ, ಡಾಕ್ಟರು ಹೇಳಿಲ್ವಾ?" ಅಂತ ಗದರಿದರು.

ಆ ವರ್ಷದ ಕೊನೆಗೆ ಅವರ ಕೆಲಸ ಹೋಯಿತು. ಚುಕ್ಕಿ ಪುಸ್ತಕ, ಚುಕ್ಕಿ ಕೊರೆಯುವ ಹಲಗೆ ಎಲ್ಲವನ್ನೂ ಸಂಸ್ಥೆಯವರು ವಾಪಸು ಒಯ್ದರು. ಫರೀದಾ ತನ್ನ ಹಲಗೆಯನ್ನು ಲಂಗದ ಒಳಗೆ ಬಚ್ಚಿಟ್ಟುಕೊಂಡಿದ್ದಳು. ಅವಳ ಅಪ್ಪನೇ ಮರ್ಯಾದೆಗೆ ಅಂಜಿ ಕಿತ್ತು ಕೊಟ್ಟರು. ಮುಂದಿನ ಜೂನ್‌ನಲ್ಲಿ ನಾನು ಮುಂದಿನ ಬೆಂಚಿಗೆ ಬಂದೆ. ಅವಳು ಶಾಲೆಗೆ ಬರಲಿಲ್ಲ.

ಮೇಡಂ ಕಲಿತದ್ದು ಕಣ್ಣಿಲ್ಲದ ಮಕ್ಕಳ ವಿದ್ಯೆ; ಸಾಮಾನ್ಯ ಶಾಲೆಗೆ ಆ ಸರ್ಟಿಫಿಕೇಟು ನಡೆಯುತ್ತಿರಲಿಲ್ಲ. ಚಳ್ಳಕೆರೆಯ ಒಂದು ಸಣ್ಣ ಕಾನ್ವೆಂಟಿನಲ್ಲಿ ಎಲ್‌ಕೆಜಿ ಮಕ್ಕಳ ಮೂಗು ಒರೆಸುವ ಕೆಲಸ ಹಿಡಿದರು. ಮುಂದೆ ಸರ್ಕಾರವೇ ಇಂಥ ಶಿಕ್ಷಕರನ್ನು ಕರೆದಾಗ ಅವರಿಗೆ ವಯಸ್ಸು ಮೀರಿತ್ತು. ಇದೆಲ್ಲ ನನಗೆ ಗೊತ್ತು, ಯಾಕೆಂದರೆ ನಾನೂ ಓದಿ ಅದೇ ಊರಿನಲ್ಲಿ ಗುಮಾಸ್ತೆಯಾದೆ. ಸಂತೆಯಲ್ಲಿ ಹಳದಿ ಸೀರೆ ಕಂಡರೆ ಬೇರೆ ಸಾಲಿಗೆ ತಿರುಗುತ್ತಿದ್ದೆ. ಅವರು ಬೈಯುತ್ತಾರೆಂದಲ್ಲ. ಪ್ರೀತಿಯಿಂದ ಮಾತಾಡಿಸಿಬಿಡುತ್ತಾರಲ್ಲ, ಅದಕ್ಕೆ.

ಅವರಿಗೆ ಕಾಯಿಲೆ ಜೋರಾಗಿದೆ ಎಂದು ಕೇಳಿ ಕಡೆಗೂ ಹೋದೆ. ಹಾಸಿಗೆಯಲ್ಲಿದ್ದರು. ನನ್ನನ್ನು ನೋಡಿ, "ಬಾರೇ, ಕಣ್ಣು ಹೆಂಗೈತೆ?" ಅಂದರು. ನಾನು ಆ ದಿನದ ಮಾತು ತೆಗೆದು ಕ್ಷಮೆ ಕೇಳಲು ಹೊರಟೆ. ಅವರು ಕೈಯಾಡಿಸಿ ತಡೆದರು. "ಕಣ್ಣು ಬಂದ ಮಗೂನ ಕುರುಡಿ ಥರ ಕೂರಿಸ್ದೋಳು ನಾನು. ನೀನು ಮೇಕೆ ಓಡಿಸ್ದೆ ಅಷ್ಟೆ." ಆಮೇಲೆ ಉಳಿದ ಏಳೂ ಮಕ್ಕಳ ಹೆಸರು ಹಿಡಿದು ಕೇಳತೊಡಗಿದರು. ಅವನು ಏನು ಮಾಡ್ತಾನೆ, ಇವಳು ಎಲ್ಲಿದ್ದಾಳೆ. ಕೊನೆಗೆ, "ಫರೀದಾ?"

ಶಾಲೆ ಬಿಟ್ಟ ಮೇಲೆ ನಾನು ಅವರಲ್ಲಿ ಒಬ್ಬರ ಮನೆಯ ಹೊಸ್ತಿಲನ್ನೂ ತುಳಿದಿರಲಿಲ್ಲ.

"ಎಲ್ರೂ ಚೆನ್ನಾಗಿದಾರೆ ಮೇಡಂ," ಅಂದೆ.

"ಸದ್ಯ," ಅಂದು ಅವರು ಕಣ್ಣು ಮುಚ್ಚಿದರು. ಆ ವಾರದಲ್ಲೇ ತೀರಿಕೊಂಡರು.

ಸುದ್ದಿ ಮುಟ್ಟಿಸುವ ನೆವದಲ್ಲಿ ಫರೀದಾಳನ್ನು ಹುಡುಕಿಕೊಂಡು ಮೊಳಕಾಲ್ಮುರಿಗೆ ಹೋದೆ. ಮದುವೆಯಾಗಿಲ್ಲ. ಅಣ್ಣನ ಮನೆಯ ಹಿಂಬದಿಯ ಕೋಣೆಯಲ್ಲಿ ಕೂತು, ಸೀರೆ ನೇಯುವವರಿಗೆ ಸಣ್ಣ ಕೊಳವೆಗಳಿಗೆ ರೇಷ್ಮೆ ನೂಲು ಸುತ್ತಿಕೊಡುತ್ತಾಳೆ. ನನ್ನ ದನಿ ಕೇಳಿದ್ದೇ ಗುರುತು ಹಿಡಿದಳು. ಮೇಡಂ ಹೋದರು ಎಂದಾಗ ರಾಟೆ ನಿಲ್ಲಿಸಿದಳು. ನಾನು ಅವಳ ಕೈ ಹಿಡಿದುಕೊಂಡೆ. ನೂಲು ಉಜ್ಜಿ ಉಜ್ಜಿ ಬೆರಳ ತುದಿಯೆಲ್ಲ ಕೊರೆದು ಗಟ್ಟಿಯಾಗಿತ್ತು.

"ಈಗ ಚುಕ್ಕಿ ಕೊಟ್ರೂ ಇವಕ್ಕೆ ತಿಳಿಯಲ್ಲ ಕಣೇ," ಅಂತ ಕೈ ಬಿಡಿಸಿಕೊಂಡಳು. ಆಮೇಲೆ ಕೇಳಿದಳು: "ಮೇಡಂ ನನ್ನ ಕೇಳಿದ್ರಾ?"

"ಕೇಳಿದ್ರು."

"ಏನು ಹೇಳ್ದೆ?"

"ಚೆನ್ನಾಗಿದಾಳೆ ಅಂದೆ."

ಫರೀದಾ ಮತ್ತೆ ರಾಟೆಗೆ ಕೈ ಹಾಕಿದಳು.

"ಇನ್ನೂ ಓದ್ತಿದಾಳೆ ಅಂತಾನೂ ಹೇಳ್ಬೇಕಿತ್ತು ಕಣೇ," ಅಂದಳು.